ಒಬ್ಬಳೇ ಹೇಗೆ ಸುಧಾರಿಸಿದೆ ಎಂದು ಕೇಳುವವರಿಗೆ

ಮದುವೆಮನೆಯ ಊಟದ ಪಂಕ್ತಿಯಲ್ಲಿ, ಸೊಸೈಟಿಯ ಮೆಟ್ಟಿಲ ಮೇಲೆ, ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಪ್ರಶ್ನೆಯನ್ನು ಎಷ್ಟೋ ಮಂದಿ ನನಗೆ ಕೇಳಿದ್ದಾರೆ: "ಹೊಟ್ಟೆಯಲ್ಲೊಂದು, ಕಂಕುಳಲ್ಲೊಂದು, ಗಂಡ ಆಸ್ಪತ್ರೆಯಲ್ಲಿ. ಒಬ್ಬಳೇ ಹೇಗೆ ಸುಧಾರಿಸಿದೆ ಮಾರಾಯ್ತಿ?" ಬಸ್ಸು ಬರುವುದರೊಳಗೆ ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲದ ಕಾರಣ "ಹೇಗೋ ಆಯಿತು" ಎಂದು ನಕ್ಕು ಬಿಡುತ್ತಿದ್ದೆ. ನಿಜವಾಗಿ ಅದು ಹೇಗೋ ಆದದ್ದಲ್ಲ. ಮೊದಲ 12 ದಿನ ಒಬ್ಬಳೇ ಸುಧಾರಿಸಲು ಹೋಗಿ ಸೋತೆ. ಆಮೇಲಿನ ದಿನಗಳನ್ನು ಒಬ್ಬಳೇ ಸುಧಾರಿಸಲೇ ಇಲ್ಲ.

ಅದು ಜುಲೈ ತಿಂಗಳ ಮೊದಲ ವಾರ. ನನಗೆ 20 ವಾರ ತುಂಬಿತ್ತು, ಮಗಳಿಗೆ 4 ವರ್ಷ. ಹಿಂದಿನ ವಾರ ಭೇದಿಯಾಗಿ ಗುಣವಾಗಿದ್ದ ಯಜಮಾನರು ಪಾದ ಜುಂ ಎನ್ನುತ್ತದೆ ಎಂದರು. ಸುಸ್ತಿರಬೇಕು ಎಂದುಕೊಂಡೆವು. ಮೂರನೆಯ ದಿನ ತೋಟದಿಂದ ಬರುವಾಗ ಮೆಟ್ಟಿಲ ಮೇಲೆ ಮಂಡಿ ಮಡಿಸಿ ಕುಸಿದವರು ಮತ್ತೆ ಏಳಲಿಲ್ಲ. ಅದೇ ರಾತ್ರಿ ಮಳೆಯಲ್ಲಿ ಆಗುಂಬೆ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಬೆಳಗಾಗುವಷ್ಟರಲ್ಲಿ ಕೈಗಳಲ್ಲೂ ಬಲವಿರಲಿಲ್ಲ. ಗಿಯಾನ್-ಬಾರೇ ಸಿಂಡ್ರೋಮ್, ಅಂದರೆ ಜಿಬಿಎಸ್ ಎಂದರು ಡಾಕ್ಟರು. 2025ರ ಆರಂಭದಲ್ಲಿ ಪುಣೆಯಲ್ಲಿ ಅನೇಕರಿಗೆ ಒಟ್ಟಿಗೆ ಬಂದ ಮೇಲೆ ಪತ್ರಿಕೆ ಓದುವವರಿಗೆಲ್ಲ ಈ ಹೆಸರು ಪರಿಚಯವಾಗಿದೆ. ನಮಗೆ ಬಂದಾಗ ನಾವು ಅದನ್ನು ಕೇಳಿಯೂ ಇರಲಿಲ್ಲ. ಭೇದಿಯದ್ದೋ ಶೀತಜ್ವರದ್ದೋ ಸೋಂಕು ಹೋದ ಮೇಲೆ, ಅದರೊಡನೆ ಹೋರಾಡಿದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ತನ್ನದೇ ನರಗಳ ಮೇಲೆ ಬೀಳುತ್ತದೆ. ಬಲಹೀನತೆ ಸಾಮಾನ್ಯವಾಗಿ ಕಾಲಿನಿಂದ ಮೇಲಕ್ಕೆ ಏರುತ್ತದೆ, ಎರಡರಿಂದ ನಾಲ್ಕು ವಾರದೊಳಗೆ ತುದಿ ಮುಟ್ಟುತ್ತದೆ, ನಿಲ್ಲುತ್ತದೆ, ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಇವರಿಗೆ ಐದನೆಯ ದಿನ ಉಸಿರಾಟದ ಸ್ನಾಯುಗಳೂ ಸೋತು ವೆಂಟಿಲೇಟರ್ ಹಾಕಿದರು.

ಔಷಧಿಯ ಲೆಕ್ಕ ನನಗೆ ಇಂದಿಗೂ ಬಾಯಿಪಾಠ. ಇಮ್ಯುನೊಗ್ಲಾಬ್ಯುಲಿನ್ ಅನ್ನು ಕಿಲೋ ತೂಕಕ್ಕೆ ದಿನಕ್ಕೆ 0.4 ಗ್ರಾಮಿನಂತೆ 5 ದಿನ ಕೊಡುತ್ತಾರೆ. 65 ಕಿಲೋ ತೂಗುವ ಮನುಷ್ಯನಿಗೆ ಒಟ್ಟು 130 ಗ್ರಾಂ, ಅಂದರೆ 5 ಗ್ರಾಮಿನ 26 ಸೀಸೆ. ನನ್ನ ಬಳೆ, ಎರಡೆಳೆ ಸರ ಅಡವಿಗೆ ಹೋದದ್ದು ಆ ಸೀಸೆಗಳಿಗೆ.

ಮೊದಲ 12 ದಿನಗಳಲ್ಲಿ ಮೂರು ಬಾರಿ ಘಾಟಿ ಇಳಿದು ಹತ್ತಿದೆ. ಅಮ್ಮ ತೀರಿಕೊಂಡು 6 ವರ್ಷವಾಗಿದ್ದುದರಿಂದ ತವರಿಗೆ ಹೋಗುವ ದಾರಿ ಇರಲಿಲ್ಲ. ಮನೆಯಲ್ಲಿ ಅತ್ತೆಯವರಿದ್ದರೂ ಓಡುವ ಮಗುವಿನ ಹಿಂದೆ ಹೋಗಲು ಅವರ ಮಂಡಿಗಳು ಒಪ್ಪುತ್ತಿರಲಿಲ್ಲ, ಮಗಳೂ ನನ್ನ ಸೆರಗು ಬಿಡುತ್ತಿರಲಿಲ್ಲ. ಹಾಗಾಗಿ ಅವಳನ್ನು ಕಟ್ಟಿಕೊಂಡೇ ಹೋಗುತ್ತಿದ್ದೆ. ಐಸಿಯುಗೆ ಮಕ್ಕಳನ್ನು ಬಿಡುವುದಿಲ್ಲ. ಹೊರಗೆ ಚಾಪೆ ಹಾಸಿಕೊಂಡು ಕುಳಿತಿರುತ್ತಿದ್ದ ಯಾರದೋ ಮನೆಯ ಹೆಂಗಸಿನ ಮಡಿಲಲ್ಲಿ ಮಗುವನ್ನು ಕೂರಿಸಿ, ಮಾಸ್ಕ್ ಹಾಕಿ ಒಳಗೆ ಹೋಗಿ, ಹತ್ತು ನಿಮಿಷ ನಿಂತು ಬರುತ್ತಿದ್ದೆ. ಬಂದವಳು ಅಳಬೇಕೋ ಮಗುವಿಗೆ ಬಿಸ್ಕತ್ತು ಕೊಡಿಸಬೇಕೋ ತಿಳಿಯುತ್ತಿರಲಿಲ್ಲ. ಬಸುರಿ ಆಸ್ಪತ್ರೆಯ ಹೊಸ್ತಿಲು ತುಳಿಯಬಾರದು ಎಂದು ಫೋನು ಮಾಡಿದ ನೆಂಟರೇ, ಹೋಗದಿದ್ದ ದಿನ "ಗಂಡನನ್ನು ನೋಡಲು ಹೋಗಲಿಲ್ಲವೇ?" ಎಂದೂ ಕೇಳುತ್ತಿದ್ದರು.

ಹದಿಮೂರನೆಯ ದಿನ ಸೊಸೈಟಿಯ ಕೌಂಟರಿನಲ್ಲಿ ಕಣ್ಣು ಕತ್ತಲಿಟ್ಟು ಕುಳಿತುಬಿಟ್ಟೆ. ನಾನು ಅಲ್ಲಿ ಗುಮಾಸ್ತೆ; ಹೆರಿಗೆ ರಜೆ ಇದೆಯಲ್ಲ ಎಂದು ಹಲವರು ಹೇಳಿದರು, ಆದರೆ 26 ವಾರಗಳ ಆ ರಜೆಯಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಕೊನೆಯ 8 ವಾರ ಮಾತ್ರ. ರಕ್ತ ಪರೀಕ್ಷೆ ಮಾಡಿಸಿದರೆ, ಮೂರನೆಯ ತಿಂಗಳಲ್ಲಿ 11 ಇದ್ದ ಹಿಮೋಗ್ಲೋಬಿನ್ 8.9ಕ್ಕೆ ಇಳಿದಿತ್ತು. ಕಬ್ಬಿಣಾಂಶದ ಮಾತ್ರೆಯನ್ನು ನೆನಪಾದ ದಿನ ಕಾಫಿಯ ಜೊತೆಗೆ ನುಂಗುತ್ತಿದ್ದೆ. ಕಾಫಿ, ಚಹಾ, ಹಾಲಿನ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ತೀರ ಕಡಿಮೆ ಎಂದು ಮೊದಲ ಬಸುರಿನಲ್ಲೇ ನನಗೆ ಹೇಳಿದ್ದರು. ಬೈಯುತ್ತಾರೆ ಎಂದುಕೊಂಡಿದ್ದ ಡಾಕ್ಟರಮ್ಮ ಬೈಯಲಿಲ್ಲ. "ಅಲ್ಲಿ ನಿಂತು ನೀವು ಏನು ಮಾಡುತ್ತೀರಿ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನರಕ್ಕೆ ಕಬ್ಬಿಣಾಂಶ ಹಾಕಿಸಿಕೊಂಡು ಮಲಗಿದ್ದಾಗ ಯೋಚಿಸಿದೆ: ಮೈದುನ ಮಂಗಳೂರಿನಲ್ಲೇ ಇದ್ದಾನೆ, ಅಣ್ಣನ ಪಕ್ಕ ಇರುತ್ತಾನೆ. ಹೊಟ್ಟೆಯಲ್ಲಿರುವ ಮಗುವಿಗೆ ನನ್ನ ಬದಲು ಇನ್ನೊಬ್ಬರನ್ನು ಕೂರಿಸುವ ಹಾಗಿಲ್ಲ. ಅಂದಿನಿಂದ ಭಾನುವಾರ ಮಾತ್ರ ಹೋಗುವುದೆಂದು ನಿರ್ಧರಿಸಿದೆ. ಇದು ಸರಿಯೇ ಎಂಬ ಅಳುಕು ಪ್ರತಿ ಸೋಮವಾರ ಬರುತ್ತಿತ್ತು. ಬಂದರೂ ನಿರ್ಧಾರ ಬದಲಿಸಲಿಲ್ಲ.

ಇನ್ನು ಉಳಿದ ಕೆಲಸಗಳು. ಅಡಿಕೆಗೆ ಮಳೆಗಾಲಕ್ಕೆ ಮುಂಚೆ ಒಮ್ಮೆ ಹೊಡೆಸಿದ ಕೊಳೆ ಔಷಧಿಯನ್ನು ಸುಮಾರು 40-45 ದಿನಕ್ಕೆ ಮತ್ತೆ ಹೊಡೆಸಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹೊಳವಾದ ದಿನ ನೋಡಿ ಹೊಡೆಯಬೇಕು, ತಪ್ಪಿದರೆ ಆ ವರ್ಷದ ಫಸಲು ಕೊಳೆತು ಉದುರುತ್ತದೆ. ಬಸುರಿ ಅದರ ಹತ್ತಿರ ಸುಳಿಯುವ ಹಾಗಿಲ್ಲ. ಕರೆಯುವ ಹಸುವಿತ್ತು, ಅಂಗನವಾಡಿಗೆ ಹೋಗುವ ಮಗುವಿತ್ತು. ನೋಡಲು ಬಂದವರೆಲ್ಲ "ಏನಾದರೂ ಬೇಕಿದ್ದರೆ ಹೇಳು" ಎಂದು ಸೇಬು ಕೊಟ್ಟು, ನಾನೇ ಮಾಡಿದ ಕಾಫಿ ಕುಡಿದು ಹೋಗುತ್ತಿದ್ದರು. ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಉಪಕಾರ ಕೇಳಿದರೆ ಜೀವಮಾನವಿಡೀ ಅದರ ಹಂಗಿನಲ್ಲಿರಬೇಕು ಎಂಬ ಭಾವ ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲೇ ಬಂದಿರುತ್ತದೆ, ಹಂಗಿಗೆ ಹೆದರಿ ನಾವು ಬೆನ್ನು ಮುರಿದುಕೊಳ್ಳುತ್ತೇವೆ.

ದಾರಿ ತೋರಿಸಿದವರು ಅತ್ತೆ. "ಉಪಕಾರ ಅಂತ ಯಾಕೆ ಕೇಳ್ತೀ? ಮುಯ್ಯಾಳು ಅಂತ ಕೇಳು," ಎಂದರು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಟ್ಟಿಯ ದಿನ ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಎರಡಾಳು ಬಂದರೆ, ನಮ್ಮ ನಟ್ಟಿಗೆ ನಿಮ್ಮಿಂದ ಎರಡಾಳು ಬರುತ್ತಾರೆ. ಕೂಲಿಯೂ ಇಲ್ಲ, ಋಣದ ಮಾತೂ ಇಲ್ಲ, ಲೆಕ್ಕ ಮಾತ್ರ ಇರುತ್ತದೆ. ಮರುದಿನವೇ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದಿನಾಂಕ, ಕೆಲಸ, ಹೆಸರು ಎಂದು ಬರೆದೆ. ಕೆಳಮನೆಯ ಅಕ್ಕನಿಗೆ "ಸೋಮವಾರದಿಂದ ಶುಕ್ರವಾರದವರೆಗೆ ಮಗಳನ್ನು ಅಂಗನವಾಡಿಗೆ ಬಿಟ್ಟು ಕರೆತಂದರೆ ಸಾಕು, ನಿಮ್ಮ ಮಗಳ ಬಾಣಂತನಕ್ಕೆ ನಾನು ಬರುತ್ತೇನೆ" ಎಂದೆ. ಅವರು ನಗುತ್ತಾ ಒಪ್ಪಿದರು. ಅವರ ಮಗಳಿಗೆ ಆಗಿನ್ನೂ ಮದುವೆಯೇ ಆಗಿರಲಿಲ್ಲ. ಹಸುವನ್ನು ಮೇಲಿನಮನೆಗೆ ಹೊಡೆದೆ: ಸಾಕಣೆ ಅವರದು, ಹಾಲೂ ಅವರದು, ನಮಗೆ ದಿನಕ್ಕೊಂದು ಲೀಟರ್. ಔಷಧಿಯನ್ನು ಎರಡು ಮನೆಯವರು ಸೇರಿ ಒಂದೇ ಹೊಳವಿನಲ್ಲಿ ಹೊಡೆದುಕೊಟ್ಟರು. ಸೊಸೈಟಿಯ ತಿಂಗಳ ಕೊನೆಯ ಲೆಕ್ಕವನ್ನು ಸಹೋದ್ಯೋಗಿ ವಹಿಸಿಕೊಂಡರು. ಬೇಡವೆಂದವರೂ ಇದ್ದರು. ಅವರ ಹೆಸರು ನೋಟ್‌ಬುಕ್ಕಿನಲ್ಲಿಲ್ಲ, ಮನಸ್ಸಿನಲ್ಲಿಲ್ಲ ಎಂದರೆ ಮಾತ್ರ ಸುಳ್ಳಾಗುತ್ತದೆ.

ಮುಯ್ಯಾಳಿಗೆ ಕೊಡಲಾಗದ ಕೆಲಸಗಳೂ ಇದ್ದವು. ಗಂಟಲಿಗೆ ರಂಧ್ರ ಮಾಡಿ ಉಸಿರಿನ ಕೊಳವೆ ಹಾಕಲು ಒಪ್ಪಿಗೆ ಕೇಳಿದಾಗ ಹೂಂ ಎನ್ನಬೇಕಾದವಳು ನಾನೇ. ಅದಕ್ಕಿಂತ ಕಷ್ಟವಾದದ್ದು ಮಗಳಿಗೆ ಹೇಳುವುದು. "ಅಪ್ಪ ಊರಿಗೆ ಹೋಗಿದ್ದಾರೆ" ಎಂದು ಮೊದಲು ಹೇಳಿದ್ದು ನನ್ನ ತಪ್ಪು. ಬಂದುಹೋಗುವವರ ಮಾತೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಒಂದು ರಾತ್ರಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ಪಾಪುಗೂ ಕಾಲು ಬರುವುದಿಲ್ಲವಾ?" ಎಂದು ಕೇಳಿದಳು. ಆಗ ಎದ್ದು ಕುಳಿತು ಅವಳಿಗೆ ತಿಳಿಯುವಂತೆ ಹೇಳಿದೆ: ಅಪ್ಪನ ಕಾಲಿಗೆ ಸುದ್ದಿ ಮುಟ್ಟಿಸುವ ತಂತಿಗಳು ಹಾಳಾಗಿವೆ, ಡಾಕ್ಟರು ಸರಿ ಮಾಡುತ್ತಿದ್ದಾರೆ, ತುಂಬ ದಿನ ಬೇಕು, ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅದೇ ಹೊತ್ತಿಗೆ ಪಾಪು ಒದ್ದಿತು. "ಕಾಲಿದೆ," ಎಂದು ಅವಳೇ ತೀರ್ಪು ಕೊಟ್ಟು ಮಲಗಿದಳು. ಎತ್ತಿಕೋ ಎಂದು ಹಠ ಮಾಡಿದಾಗ ಎತ್ತುವುದನ್ನು ಬಿಟ್ಟು, ಎಲ್ಲಿದ್ದರೆ ಅಲ್ಲೇ ನೆಲಕ್ಕೆ ಕುಳಿತು ಮಡಿಲು ಕೊಡುವುದನ್ನು ರೂಢಿ ಮಾಡಿಕೊಂಡೆ. ಬಸ್‌ಸ್ಟ್ಯಾಂಡಿನಲ್ಲೂ ಹಾಗೆ ಕುಳಿತಿದ್ದೇನೆ.

ಭಾನುವಾರಗಳಲ್ಲಿ ಗಂಡನೊಡನೆ ಮಾತನಾಡಲು ಮಗಳ ಅಕ್ಷರಮಾಲೆಯ ಪಟ ಒಯ್ದಿದ್ದೆ. ಕೊಳವೆ ಇದ್ದುದರಿಂದ ಅವರಿಗೆ ದನಿ ಬರುತ್ತಿರಲಿಲ್ಲ, ಪ್ರಜ್ಞೆ ಮಾತ್ರ ಪೂರ್ತಿ ಇತ್ತು. ನಾನು ಅಕ್ಷರ ತೋರಿಸುವುದು, ಅವರು ಕಣ್ಣು ಮಿಟುಕಿಸುವುದು. ಒತ್ತು, ದೀರ್ಘಗಳ ಗೋಜಿನಲ್ಲಿ "ಔಷಧಿ ಹೊಡೆಸಿದೆಯಾ" ಎಂಬಷ್ಟಕ್ಕೆ ನನ್ನ ಹತ್ತು ನಿಮಿಷವೂ ಮುಗಿಯಿತು. ಹೆಂಡತಿಯ ಹೊಟ್ಟೆಯ ಬಗ್ಗೆ ಕೇಳುವ ಮೊದಲು ಅಡಿಕೆಯ ಬಗ್ಗೆ ಕೇಳಿದರಲ್ಲ ಎಂದು ಘಾಟಿ ಹತ್ತುವವರೆಗೂ ಸಿಟ್ಟಿತ್ತು. ಮುಂದಿನ ವಾರ ಹತ್ತು ವಾಕ್ಯಗಳನ್ನು ದೊಡ್ಡದಾಗಿ ಬರೆದು ಒಯ್ದೆ, ಮೊದಲನೆಯದೇ "ನೀನು ಹೇಗಿದ್ದೀ?"

ಒಂದು ಮಾತನ್ನು ಯಾರೂ ಕೇಳುವುದಿಲ್ಲ. 52 ದಿನಗಳ ನಂತರ ಅವರು ಮನೆಗೆ ಬಂದರು, ನಿಜವಾದ ಭಾರ ಅಂದಿನಿಂದ ಶುರುವಾಯಿತು. ಆಸ್ಪತ್ರೆಯಲ್ಲಿ ನರ್ಸುಗಳಿದ್ದರು, ಇಲ್ಲಿ ನಾನು ಏಳು ತಿಂಗಳ ಬಸುರಿ, ಅವರು ಹಿಡಿದು ಕೂರಿಸಿದರೆ ಕೂರುವ ಸ್ಥಿತಿ. ಎತ್ತಬೇಡಿ ಎಂದು ಫಿಸಿಯೋಥೆರಪಿಯವರು ನನಗೆ ಖಡಾಖಂಡಿತ ಹೇಳಿದ್ದರು. ಬೆಳಿಗ್ಗೆ ಎಬ್ಬಿಸಿ, ಕಮೋಡ್ ಕುರ್ಚಿಗೆ ಕೂರಿಸಿ, ಸ್ನಾನ ಮಾಡಿಸಲು ಸಂಬಳ ಕೊಟ್ಟು ಒಬ್ಬರನ್ನು ಗೊತ್ತು ಮಾಡಿದೆವು. ಸಂಜೆಯ ಪಾಳಿಗೆ ಮತ್ತೆ ನೋಟ್‌ಬುಕ್ಕು ತೆಗೆದೆ. ಬಂದುಹೋಗುವವರ ಸಂಖ್ಯೆ ಅಷ್ಟರಲ್ಲಿ ಇಳಿದಿತ್ತು, ಗಂಡ ಮನೆಗೆ ಬಂದನಲ್ಲ ಎಂದು ಎಲ್ಲರಿಗೂ ಸಮಾಧಾನವಾಗಿತ್ತು.

ನವೆಂಬರಿನಲ್ಲಿ ಮಗ ಹುಟ್ಟಿದ. ಇವರು ಮಂಚದ ಮೇಲೆ ದಿಂಬಿಗೊರಗಿ ಕುಳಿತು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡರು, ಮೈದುನ ಕೆಳಗೆ ಕೈಯೊಡ್ಡಿ ಕುಳಿತಿದ್ದ. ಜನವರಿಯಲ್ಲಿ ವಾಕರ್ ಹಿಡಿದು ಅಂಗಳಕ್ಕೆ ಬಂದರು, ಮಾರ್ಚಿನಲ್ಲಿ ಕೋಲು ಹಿಡಿದು ತೋಟದ ದಾರಿಯವರೆಗೆ ಹೋದರು. ಈಗಲೂ ಪಾದ ತುಸು ಎಳೆಯುತ್ತದೆ.

ಕೆಳಮನೆಯ ಅಕ್ಕನ ಮಗಳಿಗೆ ಹೋದ ವರ್ಷ ಹೆರಿಗೆಯಾಯಿತು. 21 ದಿನ ಬೆಳಗಿನ ಅಡುಗೆ ಮಾಡಿಕೊಟ್ಟು ಬಂದು ಆ ಸಾಲಿನ ಮೇಲೆ ಗೆರೆ ಎಳೆದೆ. ಕೊಳೆ ಔಷಧಿಯ ಲೆಕ್ಕವನ್ನು ಮೈದುನ ಎರಡು ವರ್ಷಗಳಲ್ಲಿ ತೀರಿಸಿದ. ಸಹೋದ್ಯೋಗಿಯ ನಾಲ್ಕು ತಿಂಗಳ ಲೆಕ್ಕದಲ್ಲಿ ಇನ್ನೂ ಎರಡು ಬಾಕಿಯಿವೆ. ಬರುವ ಮೇ ತಿಂಗಳಲ್ಲಿ ಅವರ ಮನೆಯಲ್ಲಿ ಮದುವೆ, ಒಂದು ಆಗ ತೀರುತ್ತದೆ. ಐಸಿಯುವಿನ ಹೊರಗೆ ಚಾಪೆಯ ಮೇಲೆ ಮಗಳನ್ನು ಕೂರಿಸಿಕೊಂಡಿದ್ದ ಆ ಹೆಂಗಸಿನ ಸಾಲು ಮಾತ್ರ ಹಾಗೆಯೇ ಇದೆ. ಹೆಸರು ಕೇಳಿರಲಿಲ್ಲ, "ನೀಲಿ ಸೀರೆ" ಎಂದಷ್ಟೇ ಬರೆದಿದ್ದೇನೆ.