ದಸರಾಕ್ಕೆ ಹಿಡಿದ ಮನೆ

2025ರ ದಸರಾಕ್ಕೆ ಮನೆಮಂದಿಯೆಲ್ಲಾ ಮೈಸೂರಿನಲ್ಲಿ ಸೇರೋಣ ಅಂತ ತೀರ್ಮಾನವಾಯಿತು. ಮಂಡ್ಯದಿಂದ ಅಪ್ಪ ಅಮ್ಮ, ಪುಣೆಯಿಂದ ಅಕ್ಕನ ಮನೆಯವರು, ಬೆಂಗಳೂರಿನಿಂದ ನಾವು. ಹೋಟೆಲಿನಲ್ಲಿ ರೂಮು ಮಾಡಿದರೆ ಒಬ್ಬೊಬ್ಬರು ಒಂದೊಂದು ಬಾಗಿಲ ಹಿಂದೆ. ಅಪ್ಪನಿಗೆ ಮಂಡಿನೋವು, ಲಿಫ್ಟ್ ಬೇಕೇ ಬೇಕು. ಹಾಗಾಗಿ ಗೋಕುಲಂನಲ್ಲಿ ಮೂರು ಬೆಡ್‌ರೂಮಿನ ಐಷಾರಾಮಿ ಸರ್ವಿಸ್ ಅಪಾರ್ಟ್‌ಮೆಂಟ್ ಹಿಡಿದೆವು.

ಆ ಕಡೆ ಇಂಥ ಮನೆಗಳು ಜಾಸ್ತಿ. ಪಟ್ಟಾಭಿ ಜೋಯಿಸರ ಯೋಗಶಾಲೆ 2002ರಲ್ಲಿ ಲಕ್ಷ್ಮೀಪುರಂನಿಂದ ಗೋಕುಲಂಗೆ ಬಂದ ಮೇಲೆ, ಅಷ್ಟಾಂಗ ಯೋಗ ಕಲಿಯಲು ಹೊರದೇಶದವರು ಬಂದು ತಿಂಗಳುಗಟ್ಟಲೆ ಉಳಿಯತೊಡಗಿದರು. ಮಂಚ, ಫ್ರಿಡ್ಜ್ ಎಲ್ಲಾ ಇಟ್ಟು ಬಾಡಿಗೆ ಕೊಡುವ ರೂಢಿ ಬೆಳೆಯಿತು. ಹನ್ನೊಂದು ತಿಂಗಳ ಅಗ್ರಿಮೆಂಟ್ ರಗಳೆ ಇಲ್ಲ, ಆಧಾರ್ ತೋರಿಸಿದೆವು, ಕೀಲಿ ಕೈಗೆ ಬಂತು. ದಸರಾ ಅಂದರೆ ರೇಟು ಮಾತ್ರ ಏರಿಬಿಡುತ್ತದೆ. ದಿನದ ಬಾಡಿಗೆ 7,500 ರೂಪಾಯಿ ದಾಟಿದರೆ ಶೇ 18 ಜಿಎಸ್‌ಟಿ. ಅದರೊಳಗಿನದಕ್ಕೆ ಶೇ 5ಕ್ಕೆ ಇಳಿದದ್ದು ಸೆಪ್ಟೆಂಬರ್ 22ಕ್ಕೆ, ದಸರಾ ಶುರುವಾದ ದಿನವೇ. ನಮ್ಮದು ದಾಟಿತ್ತು. ಆದರೂ ಎಲ್ಲರೂ ಒಂದೇ ಸೂರಿನಡಿ ಇರಬೇಕಲ್ವಾ, ಕೊಟ್ಟೆವು.

ಹಾಲ್, ಸೋಫಾ, ಬಾಲ್ಕನಿ ಎಲ್ಲಾ ಫೋಟೊದಲ್ಲಿದ್ದ ಹಾಗೇ ಇದ್ದವು. ಅಮ್ಮ ನೇರ ಅಡುಗೆಮನೆಗೆ ಹೋದಳು. ಊರಿಂದ ರಾಗಿಹಿಟ್ಟು, ಹುರುಳಿಕಾಳು, ಮುದ್ದೆಕೋಲು, ತನ್ನ ಹಳೇ ಅಲ್ಯೂಮಿನಿಯಂ ಪಾತ್ರೆ ತಂದಿದ್ದಳು. ಅಲ್ಲಿದ್ದದ್ದು ಗಾಜಿನ ಇಂಡಕ್ಷನ್ ಒಲೆ. ಪಾತ್ರೆ ಇಟ್ಟ ತಕ್ಷಣ ಕೀಂಯ್ ಅಂತ ಕೂಗಿ ಆಫ್ ಆಯಿತು. ಆಯಸ್ಕಾಂತ ಅಂಟುವಂಥ ಪಾತ್ರೆ ಇಟ್ಟರಷ್ಟೇ ಆ ಒಲೆ ಕಾಯುತ್ತದೆ, ಅಲ್ಯೂಮಿನಿಯಂಗೆ ಕಾಯುವುದಿಲ್ಲ. ಕಪಾಟಿನಲ್ಲಿ ಎರಡು ನಾನ್‌ಸ್ಟಿಕ್ ಬಾಣಲೆ, ಒಂದು ತೆಳು ತಳದ ಪಾತ್ರೆ. ಅದರಲ್ಲಿ ಮುದ್ದೆ ಹೇಗೆ ಮಾಡೋದು? ಇಷ್ಟು ದುಡ್ಡು ತೆಗೆದುಕೊಂಡ ಮೇಲೆ ಅಡುಗೆಮನೆಯನ್ನು ಸುಮ್ನೆ ಚೆಂದಕ್ಕೆ ಅಂತ ಇಡುವುದು ನನಗೆ ಸರಿ ಕಾಣಲಿಲ್ಲ.

ಮನೆ ನೋಡಿಕೊಳ್ಳುವವರು ಕೆ.ಆರ್. ಪೇಟೆ ಕಡೆಯವರು. 'ಅಯ್ಯೋ, ಮುದ್ದೆಗಾ?' ಅಂತ ಕೆಳಗಿನ ತಮ್ಮ ಮನೆಯಿಂದ ಒಲೆ, ಸಣ್ಣ ಸಿಲಿಂಡರ್ ಹೊತ್ತು ತಂದೇಬಿಟ್ಟರು. ಎಸರು ಕುದಿಯಿತು. ಹಿಟ್ಟು ಬೆಂದ ಮೇಲೆ ಅಮ್ಮ ಪಾತ್ರೆಯನ್ನು ನೆಲಕ್ಕಿಳಿಸಿ, ಬಟ್ಟೆ ಸುತ್ತಿ, ಪಾದಗಳಲ್ಲಿ ಅದುಮಿ ಹಿಡಿದು, ಗಂಟಿಲ್ಲದ ಹಾಗೆ ಕೋಲಲ್ಲಿ ತಿರುವಿದಳು. ಅಕ್ಕನ ಮಗಳು ಪಕ್ಕದಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಕೈಗೆ ನೀರು ಸವರಿಕೊಂಡು ತಾನೂ ಒಂದು ಕಟ್ಟಿದಳು. ಡೈನಿಂಗ್ ಟೇಬಲ್ ಬಿಟ್ಟು ಎಲ್ಲರೂ ನೆಲದ ಮೇಲೆ ಕೂತೆವು. ಹುರುಳಿಕಾಳಿನ ಉಪ್ಪುಸಾರು, ಖಾರ, ಬಿಸಿ ಮುದ್ದೆ. ಮೈಸೂರಿಗೆ ಬಂದದ್ದು ಸಾರ್ಥಕ ಅನ್ನಿಸಿತು.

ಅಕ್ಟೋಬರ್ 2ರ ಜಂಬೂಸವಾರಿಗೆ ಉಳಿದವರೆಲ್ಲಾ ಬೆಳಿಗ್ಗೆಯೇ ಹೊರಟರು. ಆ ಜನಜಂಗುಳಿಯಲ್ಲಿ ಅಪ್ಪನಿಗೆ ನಿಲ್ಲಲು ಆಗದು. ನಾನೂ ಅವರೂ ಹಾಲ್‌ನಲ್ಲಿ ಕೂತು, ಅಭಿಮನ್ಯು 750 ಕೆ.ಜಿ. ಚಿನ್ನದ ಅಂಬಾರಿ ಹೊತ್ತು ಬರುವುದನ್ನು ಟಿವಿಯಲ್ಲಿ ನೋಡಿದೆವು. ಚಾಮುಂಡೇಶ್ವರಿ ಕಂಡಾಗ ಅಪ್ಪ ಎದ್ದು ಕೈಮುಗಿದರು.

ಹೊರಡುವಾಗ ಮಾಲೀಕರಿಗೆ ಒಂದೇ ಮಾತು ಹೇಳಿದೆ: ಗ್ಯಾಸ್ ಒಲೆ, ದಪ್ಪ ತಳದ ಪಾತ್ರೆ ಇಡಿಸಿ. ಆಯ್ತು ಅಂದರು. ಅಕ್ಕ ಮುಂದಿನ ದಸರಾಕ್ಕೆ ಅದೇ ಮನೆ ಕೇಳಿದ್ದಾಳೆ.