ಕಲಂ ಯಾವುದಪ್ಪಾ?

ಹಾಸನದಲ್ಲಿ ವಕೀಲಿ ಆರಂಭಿಸಿದ ಹೊಸದರಲ್ಲಿ, ಸಕಲೇಶಪುರ ಕಡೆಯ ಕಾಫಿ ತೋಟದ ಕಾರ್ಮಿಕರೊಬ್ಬರ ಪರವಾಗಿ ನಾನೊಂದು ಖಾಸಗಿ ದೂರಿನ ಕರಡು ಸಿದ್ಧಪಡಿಸಿದ್ದೆ. ಕಾಳುಮೆಣಸು ಕದ್ದ ಅನುಮಾನದ ಮೇಲೆ ಅವರನ್ನು ಠಾಣೆಗೆ ಕರೆದೊಯ್ದು, ಅಂಗಾಲಿಗೆ ಲಾಠಿಯಿಂದ ಹೊಡೆದು, ರಾತ್ರಿಯಿಡೀ ಮಲಗಗೊಡದೆ, ಒಪ್ಪಿಕೊಳ್ಳದಿದ್ದರೆ ಹೆಂಡತಿಯನ್ನೂ ಎಳೆದು ತರುವುದಾಗಿ ಬೆದರಿಸಿದ್ದರು. ಹೊಡೆತದ ವಿಷಯವನ್ನು ಸಮಾಧಾನದಿಂದಲೇ ಹೇಳಿದ ಅವರು, ಹೆಂಡತಿಯ ಮಾತು ಬಂದೊಡನೆ ತಲೆ ತಗ್ಗಿಸಿ ಸುಮ್ಮನಾದರು. ಆ ಮೌನಕ್ಕೂ ಕಾನೂನಿನಲ್ಲಿ ಹೆಸರಿದೆ ಎಂಬ ಭರವಸೆಯಿಂದ, ಮಾನಸಿಕ ಯಾತನೆಯನ್ನೂ ಒಳಗೊಂಡಿರುವ ವಿಶ್ವಸಂಸ್ಥೆಯ 1984ರ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಯ ಒಂದನೇ ವಿಧಿಯನ್ನೇ ನಾನು ದೂರಿಗೆ ಆಧಾರವಾಗಿಸಿದ್ದೆ.

ಕರಡು ಓದಿದ ನಮ್ಮ ಹಿರಿಯ ವಕೀಲರು ಕೇಳಿದ್ದು ಒಂದೇ: "ಕಲಂ ಯಾವುದಪ್ಪಾ?"

ಆ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿದೆಯೇ ಹೊರತು ಅದನ್ನು ಅನುಮೋದಿಸಿಲ್ಲ. ಅನುಮೋದಿಸಿದ್ದರೂ ಸಾಲುತ್ತಿರಲಿಲ್ಲ, ನಮ್ಮಲ್ಲಿ ಒಡಂಬಡಿಕೆ ತಾನಾಗಿ ಯಾರನ್ನೂ ಶಿಕ್ಷೆಗೆ ಗುರಿಪಡಿಸಲಾರದು, ಸಂವಿಧಾನದ 253ನೇ ವಿಧಿಯಡಿ ಸಂಸತ್ತು ಕಾಯ್ದೆ ಮಾಡಬೇಕು. 1959ರಲ್ಲೇ ಅನುಮೋದನೆ ಪಡೆದ ನರಮೇಧ ಒಡಂಬಡಿಕೆಯ ಗತಿಯೂ ಇದೇ. ಈ ಲೋಪವನ್ನು ತುರ್ತಾಗಿ ಸರಿಪಡಿಸಬೇಕೆಂದು ದೆಹಲಿ ಹೈಕೋರ್ಟ್ 2018ರಲ್ಲಿ, 1984ರ ಸಿಖ್ ವಿರೋಧಿ ಹಿಂಸಾಚಾರಕ್ಕೆ ಸಂಬಂಧಿಸಿದ ಸಜ್ಜನ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದರೂ, ಹಳೆಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ನರಮೇಧಕ್ಕೆ ಕಲಂ ಬರಲಿಲ್ಲ. ಚಿತ್ರಹಿಂಸೆ ತಡೆ ಮಸೂದೆ 2010ರಲ್ಲಿ ಲೋಕಸಭೆಯನ್ನು ದಾಟಿತಾದರೂ ಕಾಯ್ದೆಯಾಗಲಿಲ್ಲ.

ಕೊನೆಗೆ ನಾವು ಆಶ್ರಯಿಸಿದ್ದು ಅಂದಿನ ದಂಡ ಸಂಹಿತೆಯ 330ನೇ ಕಲಮನ್ನು. ತಪ್ಪೊಪ್ಪಿಗೆ ಪಡೆಯಲು ನೋವುಂಟುಮಾಡಿದರೆ ಏಳು ವರ್ಷಗಳವರೆಗೆ ಶಿಕ್ಷೆ ಎನ್ನುವ ಆ ಕಲಂ ಅಂಗಾಲಿನ ಏಟಿಗೆ ಸರಿಹೊಂದಿತು. ಬೆದರಿಕೆಗೆ 506 ಸೇರಿಸಿದೆವು. ಆದರೆ ಅದು ಬೇಲಿ ಜಗಳದಲ್ಲಿ ನೆರೆಯವರು ಹಾಕುವ ಬೆದರಿಕೆಗೂ ಅನ್ವಯಿಸುವ ಕಲಂ. ಅಧಿಕಾರದ ಬಲವಿರುವವನು, ತನ್ನ ವಶದಲ್ಲಿರುವವನಿಂದ ತಪ್ಪೊಪ್ಪಿಗೆ ಕೀಳಲು ಹಾಗೆ ಬೆದರಿಸಿದ ಎಂಬ, ಒಡಂಬಡಿಕೆಯ ಜೀವಾಳವೇ ಆದ ಅಂಶ ಅದರಲ್ಲಿ ಎಲ್ಲಿಯೂ ಇಲ್ಲ.

ಅಂದಿನಿಂದ ಇಂಥ ಕಡತ ಬಂದಾಗ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಒಡಂಬಡಿಕೆ ಹೇಳುವ ಅಪರಾಧದ ಒಂದೊಂದು ಅಂಶವನ್ನೂ, ಬಲಕ್ಕೆ ಅದನ್ನು ಹಿಡಿಯಬಲ್ಲ ಕಲಮನ್ನೂ ಬರೆಯುತ್ತೇನೆ, ಕಿರಿಯರಿಂದಲೂ ಬರೆಸುತ್ತೇನೆ. ಮಾನವ ಸಾಗಣೆಯ ಹಾಳೆಯಲ್ಲಿ ಬಲಭಾಗ ಬಹುಮಟ್ಟಿಗೆ ತುಂಬುತ್ತದೆ, ಏಕೆಂದರೆ ಮಾನವ ಸಾಗಣೆ ತಡೆಗಾಗಿ ವಿಶ್ವಸಂಸ್ಥೆ ರೂಪಿಸಿದ ಪಲೆರ್ಮೊ ಪ್ರೋಟೊಕಾಲನ್ನು ಭಾರತ 2011ರಲ್ಲಿ ಅನುಮೋದಿಸಿದ ಬಳಿಕ 2013ರಲ್ಲಿ ಅಂದಿನ ದಂಡ ಸಂಹಿತೆಯ 370ನೇ ಕಲಮನ್ನೇ ಹೊಸದಾಗಿ ಬರೆಯಲಾಯಿತು. ಚಿತ್ರಹಿಂಸೆಯ ಹಾಳೆಯಲ್ಲಿ ಮಾನಸಿಕ ಯಾತನೆಯ ಎದುರಿನ ಜಾಗವನ್ನು ನಾನು ಈಗಲೂ ಖಾಲಿ ಬಿಡುತ್ತಿದ್ದೇನೆ.