ಸೋತವರ ಬಟನ್‌ಗಳು: 20ರಲ್ಲಿ 16 ಸಿಕ್ಕಿವೆ

ಮೂರು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಈ ನಡುವೆ ಮೂರು ಹೊಸ ಬಟನ್ ಸಿಕ್ಕಿವೆ, ನಾಲ್ಕು ಹಾಳಾಗಿವೆ. ಎರಡನ್ನೂ ಬರೆದಿಡುತ್ತೇನೆ.

ಮೊದಲ ಸಲ ಓದುವವರಿಗೆ ಒಂದು ಮಾತು. ನಾನು ಕೂಡಿಸುತ್ತಿರುವುದು ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಸೋತವರ ಬಟನ್‌ಗಳನ್ನು. ಕೋಟಿಗೆ ಚುಚ್ಚಿಕೊಳ್ಳುವ ದುಂಡನೆ ಬ್ಯಾಡ್ಜ್ ಇದೆಯಲ್ಲ, ಅದನ್ನೇ ಇಲ್ಲಿ ಬಟನ್ ಅನ್ನುತ್ತಾರೆ. 1896ರಿಂದ 1972ರವರೆಗೆ 20 ಚುನಾವಣೆ. ಒಂದೊಂದರಿಂದ ಒಂದೊಂದು, ಸೋತವರದ್ದು. ಹತ್ತಿ ಹಾಸಿದ, ಮೇಲೆ ಗಾಜಿರುವ ಒಂದೇ ಪೆಟ್ಟಿಗೆಯಲ್ಲಿ 20 ಜಾಗ ಗುರುತು ಮಾಡಿಟ್ಟಿದ್ದೇನೆ.

ಸೋತವರೇ ಯಾಕೆ ಅಂತ ಕೇಳುತ್ತಾರೆ. ತಿಪಟೂರಿನ ನಮ್ಮ ಮನೆಯಲ್ಲಿ ಅಪ್ಪನ ಟ್ರಂಕಿನೊಳಗೆ ಒಂದು ತಗಡಿನ ಬ್ಯಾಡ್ಜ್ ಇತ್ತು. ಚಕ್ರದೊಳಗೆ ನೇಗಿಲು ಹೊತ್ತ ರೈತ, 1977ರ ಚುನಾವಣೆಯದ್ದು. ಆ ವರ್ಷ ದೇಶದಲ್ಲಿ ಜನತಾ ಪಕ್ಷ ಗೆದ್ದಿತು, ಆದರೆ ನಮ್ಮ ಕರ್ನಾಟಕದ 28 ಸೀಟಿನಲ್ಲಿ ಅದಕ್ಕೆ ಸಿಕ್ಕಿದ್ದು ಎರಡೇ. ಅಪ್ಪ ಓಟು ಹಾಕಿದವರು ಸೋತಿದ್ದರು. ಆದರೂ ಆ ಬ್ಯಾಡ್ಜನ್ನು ಜಮೀನಿನ ಪತ್ರಗಳ ಜೊತೆ ಜೋಪಾನವಾಗಿ ಇಟ್ಟಿದ್ದರು. ಗೆದ್ದವರ ಬ್ಯಾಡ್ಜನ್ನು ಯಾರು ಬೇಕಾದರೂ ಇಟ್ಟುಕೊಳ್ಳುತ್ತಾರೆ. ಸೋತವರದ್ದನ್ನು ಮಾರನೇ ದಿನವೇ ಬಿಸಾಕುತ್ತಾರೆ, ಅದನ್ನು ಉಳಿಸಿಕೊಂಡವರ ಮನಸ್ಸಲ್ಲಿ ಏನೋ ಇದ್ದಿರಲೇಬೇಕು, ಅಲ್ವಾ? ನಾನು ನ್ಯೂಜೆರ್ಸಿಗೆ ಬಂದು ಎಷ್ಟೋ ವರ್ಷವಾದ ಮೇಲೆ ಲ್ಯಾಂಬರ್ಟ್‌ವಿಲ್‌ನ ಸಂತೆಯಲ್ಲಿ, ಅಂದರೆ ಹಳೇ ಸಾಮಾನು ಮಾರುವ ಫ್ಲೀ ಮಾರ್ಕೆಟ್‌ನಲ್ಲಿ, ಒಂದು ಸಿಗಾರ್ ಡಬ್ಬಿ ತುಂಬ ಇಂಥ ಬಟನ್ ನೋಡಿದಾಗ ಅಪ್ಪನ ಟ್ರಂಕೇ ನೆನಪಾಯಿತು. ಶುರುವಾಗಿದ್ದು ಅಲ್ಲಿ.

1896, ಬ್ರಯಾನ್

ಈ ಸಲದ ದೊಡ್ಡ ಖುಷಿ ಇದು. ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರ 1896ರ ಬಟನ್ ಕೊನೆಗೂ ಸಿಕ್ಕಿತು. ಇಪ್ಪತ್ತೆರಡು ಡಾಲರ್ ಕೊಟ್ಟೆ. ಬ್ರಯಾನ್ ಮೂರು ಸಲ ನಿಂತು ಮೂರು ಸಲವೂ ಸೋತವರು: 1896, 1900, 1908. ಕೊನೆಯ ಎರಡು ನನ್ನ ಹತ್ತಿರ ಆಗಲೇ ಇದ್ದವು.

ಅಗಲ ಸುಮಾರು 22 ಮಿಲಿಮೀಟರ್, ನಮ್ಮ ಒಂದು ರೂಪಾಯಿ ನಾಣ್ಯದಷ್ಟು. ಭೂತಗನ್ನಡಿ ಹಿಡಿದು ಒಂದು ಸಂಜೆ ಪೂರ್ತಿ ಅದನ್ನೇ ನೋಡುತ್ತ ಕೂತೆ. ಮುಂದೆ ಚಿಕ್ಕ ವಯಸ್ಸಿನ ಮುಖ, ಆಗ ಅವರಿಗೆ ಬರೀ 36. ಕಪ್ಪು ಬಿಳುಪು ಫೋಟೋ ಈಗ ಕಾಫಿ ಕಲೆಯ ಬಣ್ಣಕ್ಕೆ ತಿರುಗಿದೆ. ಎಡಗಡೆ ಅಂಚಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ತಿರುಗಿಸಿದರೆ ಹಿಂದುಗಡೆ ದುಂಡನೆ ಕಾಗದ, ಅದರ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಕಂಪನಿ ಹೆಸರು: ವೈಟ್‌ಹೆಡ್ ಅಂಡ್ ಹೋಗ್, ನ್ಯೂವಾರ್ಕ್. ಕೆಳಗೆ ಪೇಟೆಂಟ್ ತಾರೀಖುಗಳು, ಕೊನೆಯದು 1896ರ ಜುಲೈ 21.

ಆ ತಾರೀಖು ನೋಡಿ ನನಗೆ ಮೈ ಜುಮ್ಮೆಂದಿತು. ಬ್ರಯಾನ್ ಷಿಕಾಗೋದಲ್ಲಿ, ತಮ್ಮ ಪಕ್ಷದ ಸಮಾವೇಶದಲ್ಲಿ, "ಚಿನ್ನದ ಶಿಲುಬೆ" ಅಂತ ಹೆಸರಾದ ಭಾಷಣ ಮಾಡಿದ್ದು ಜುಲೈ 9ಕ್ಕೆ. ಸಾಲದಲ್ಲಿ ಮುಳುಗಿದ ರೈತರ ಪರವಾಗಿ ಆಡಿದ ಆ ಒಂದು ಮಾತಿನಿಂದಲೇ ಅವರು ಅಭ್ಯರ್ಥಿಯಾದರು. ಅದಾಗಿ 12 ದಿನಕ್ಕೆ ಈ ಪೇಟೆಂಟ್ ಬಂತು. ಅಂದರೆ ಬಟನ್ನೂ ಅಭ್ಯರ್ಥಿಯೂ ಒಂದೇ ತಿಂಗಳಲ್ಲಿ ಬೆಳಕಿಗೆ ಬಂದಿದ್ದು.

ಅದಕ್ಕೆ ಮುಂಚೆ ಇಂಥದ್ದು ಇರಲಿಲ್ಲವೇ ಅಂದರೆ, ಇತ್ತು, ಬೇರೆ ರೂಪದಲ್ಲಿ. 1789ರಲ್ಲಿ ವಾಷಿಂಗ್ಟನ್ ಅಧಿಕಾರ ವಹಿಸಿಕೊಂಡಾಗ ಅವರ ಹೆಸರಿನ ಅಕ್ಷರಗಳಿದ್ದ ಹಿತ್ತಾಳೆ ಗುಂಡಿಗಳನ್ನು ಜನ ಕೋಟಿಗೇ ಹೊಲಿಸಿಕೊಂಡರು. ಅವು ನಿಜವಾದ ಗುಂಡಿ, ಬಟನ್ ಅನ್ನೋ ಹೆಸರು ಉಳಿದಿದ್ದೂ ಅದರಿಂದಲೇ. 1860ರಲ್ಲಿ ಲಿಂಕನ್ ಕಾಲಕ್ಕೆ ತೆಳು ಕಬ್ಬಿಣದ ತಗಡಿನ ಮೇಲೆ ಫೋಟೋ ಇಳಿಸಿ ಹಿತ್ತಾಳೆ ಕಟ್ಟು ಹಾಕಿ ಮಾರಿದರು. ಹೋದ ತಿಂಗಳು ಒಂದು ಪ್ರದರ್ಶನದಲ್ಲಿ ಅಂಥದ್ದೊಂದನ್ನು ಕೈಯಲ್ಲಿ ಹಿಡಿಯೋಕೆ ಕೊಟ್ಟರು. ಒಂದು ಕಡೆ ಗಡ್ಡವಿಲ್ಲದ ಲಿಂಕನ್, ಇನ್ನೊಂದು ಕಡೆ ಉಪಾಧ್ಯಕ್ಷ ಹ್ಯಾನಿಬಲ್ ಹ್ಯಾಮ್ಲಿನ್, ರಿಬ್ಬನ್ ಪೋಣಿಸೋಕೆ ಮೇಲೊಂದು ತೂತು. ಗಡ್ಡ ಬಿಟ್ಟಿದ್ದು ಆಮೇಲೆ. ಚೆಂದವಾಗಿತ್ತು, ಆದರೆ ಒಂದೊಂದನ್ನೂ ಕೈಯಲ್ಲೇ ಜೋಡಿಸಬೇಕಾದ ಕೆಲಸ.

1896ರಲ್ಲಿ ಎಲ್ಲವನ್ನೂ ಬದಲಿಸಿದ್ದು ಸೆಲ್ಯುಲಾಯ್ಡ್. ಕಾಗದದ ಮೇಲೆ ಚಿತ್ರ ಅಚ್ಚು ಹಾಕಿ, ಮೇಲೆ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆ ಇಟ್ಟು, ಎರಡನ್ನೂ ಒಂದು ಸಣ್ಣ ತಗಡಿನ ಬಟ್ಟಲಿನ ಮೇಲೆ ಮಡಚಿ, ಹಿಂದಿನಿಂದ ಒಂದು ಉಂಗುರ ಒತ್ತಿದರೆ ಆಯಿತು. ಉಂಗುರದೊಳಗೆ ಸ್ಪ್ರಿಂಗಿನ ಹಾಗೆ ಬಾಗಿಸಿದ ತಂತಿಯೇ ಪಿನ್. ಅಗ್ಗ, ಹಗುರ, ಬಣ್ಣ ಬೇಕಾದಷ್ಟು. ಈ ಸೆಲ್ಯುಲಾಯ್ಡ್‌ನಲ್ಲಿ ಇರುವುದೇನು ಗೊತ್ತಾ? ರಾಸಾಯನಿಕದಲ್ಲಿ ಹದ ಮಾಡಿದ ಹತ್ತಿ, ಜೊತೆಗೆ ಕರ್ಪೂರ. ನಾವು ಮಂಗಳಾರತಿಗೆ ಹಚ್ಚುವ ಅದೇ ಕರ್ಪೂರ. ಮುಚ್ಚಿಟ್ಟಿದ್ದ ಹಳೇ ಡಬ್ಬಿ ತೆಗೆದರೆ ಇಷ್ಟು ವರ್ಷದ ಮೇಲೂ ಸಣ್ಣಗೆ ವಾಸನೆ ಬರುತ್ತದೆ. ಅದಕ್ಕೇ ಇವುಗಳನ್ನು ದೀಪ, ಹೀಟರ್ ಹತ್ತಿರ ಇಡಲೇಬಾರದು, ತಟ್ಟನೆ ಹೊತ್ತಿಕೊಳ್ಳುತ್ತವೆ.

ಇನ್ನು ಆ ಚುನಾವಣೆಯ ಜಗಳ. ಗೆದ್ದ ಎದುರಾಳಿ ಮೆಕಿನ್ಲಿ ಕಡೆಯವರಿಗೆ ಹಣಕ್ಕೆ ಚಿನ್ನವೇ ಆಧಾರವಾಗಬೇಕು. ಬ್ರಯಾನ್ ಕಡೆಯವರಿಗೆ ಬೆಳ್ಳಿಯೂ ಬೇಕು, 16 ತೂಕದ ಬೆಳ್ಳಿಗೆ ಒಂದು ತೂಕದ ಚಿನ್ನ ಅನ್ನೋ ಲೆಕ್ಕದಲ್ಲಿ. ಬೆಳ್ಳಿ ಬಂದರೆ ಹಣ ಜಾಸ್ತಿ ಓಡಾಡುತ್ತದೆ, ಬೆಳೆಗೆ ಬೆಲೆ ಬರುತ್ತದೆ, ಸಾಲ ತೀರಿಸೋದು ಸುಲಭವಾಗುತ್ತದೆ ಅನ್ನೋದು ರೈತರ ಆಸೆ. ಇದನ್ನು ಬಟನ್ ಮೇಲೆ ಹೇಗೆ ತೋರಿಸಿದರು ನೋಡಿ: ಒಂದು ಗಡಿಯಾರ, ಮುಳ್ಳು ಒಂದು ಗಂಟೆಗೆ 16 ನಿಮಿಷ ಕಮ್ಮಿ ಇದೆ. ಇಂಗ್ಲಿಷಿನಲ್ಲಿ ಆ ಹೊತ್ತನ್ನೂ ಬೆಳ್ಳಿಯ ಲೆಕ್ಕವನ್ನೂ "ಸಿಕ್ಸ್‌ಟೀನ್ ಟು ಒನ್" ಅಂತಲೇ ಹೇಳುತ್ತಾರೆ. ಓದು ಬರದವರಿಗೂ ಅರ್ಥವಾಗುತ್ತದೆ. ನಮ್ಮಲ್ಲಿ ಜೋಡೆತ್ತು, ಹಸು ಕರು ಚಿಹ್ನೆ ಮಾಡಿದ ಕೆಲಸವೇ ಇದು. ಈ ಗಡಿಯಾರದ ಬಟನ್ ನನಗೆ ಇನ್ನೂ ಸಿಕ್ಕಿಲ್ಲ, ಸಿಕ್ಕರೆ ಪೆಟ್ಟಿಗೆಯ ಹೊರಗೆ ಬೇರೆಯಾಗಿ ಇಡುತ್ತೇನೆ. ಬ್ರಯಾನ್ ರೈಲಿನಲ್ಲಿ 18,000 ಮೈಲಿ ಸುತ್ತಿ ಭಾಷಣ ಮಾಡಿದರು. 271 ಎಲೆಕ್ಟೋರಲ್ ಓಟಿಗೆದುರಾಗಿ (ಅಧ್ಯಕ್ಷರನ್ನು ಆರಿಸಲು ಒಂದೊಂದು ರಾಜ್ಯಕ್ಕೆ ಇಷ್ಟು ಅಂತ ಇರುವ ಓಟು) 176 ಪಡೆದು ಸೋತರು. ಇದೇ ಬ್ರಯಾನ್ 1905-06ರ ಪ್ರಪಂಚ ಪ್ರವಾಸದಲ್ಲಿ ನಮ್ಮ ದೇಶಕ್ಕೂ ಬಂದರು, ವಾಪಸ್ ಹೋಗಿ ಬ್ರಿಟಿಷರ ಆಳ್ವಿಕೆಯನ್ನು ಖಂಡಿಸಿ ಬರೆದರು. ಇದು ತಿಳಿದ ಮೇಲೆ ಆ ಪುಟ್ಟ ಮುಖ ನನಗೆ ಇನ್ನೂ ಹತ್ತಿರವಾಗಿದೆ.

1936, ಸೂರ್ಯಕಾಂತಿ

ಆಲ್ಫ್ ಲ್ಯಾಂಡನ್ ಕ್ಯಾನ್ಸಸ್ ರಾಜ್ಯದವರು, ಅಲ್ಲಿನ ರಾಜ್ಯದ ಹೂವು ಸೂರ್ಯಕಾಂತಿ. ಬಟನ್ ಸುತ್ತ ಹಳದಿ ಬಟ್ಟೆಯ ದಳ ಕತ್ತರಿಸಿ ಇಟ್ಟಿದ್ದಾರೆ. ಒಂಬತ್ತು ಡಾಲರ್. ಒಂದು ದಳಕ್ಕೆ ನುಸಿ ಹಿಡಿದು ತೂತಾಗಿದೆ, ಪರವಾಗಿಲ್ಲ. ಲ್ಯಾಂಡನ್ ಗೆದ್ದಿದ್ದು ಎರಡೇ ರಾಜ್ಯ, ಮೇಯ್ನ್ ಮತ್ತು ವರ್ಮಾಂಟ್. ಮಗಳು ನೋಡಿ, "ಅಪ್ಪಾ, ಇದು ಯಾರೋ ಮನೇಲಿ ಮಾಡಿದ ಹಾಗಿದೆ" ಅಂದಳು. ಹೌದು, ಹಾಗೇ ಇದೆ. ನನಗೆ ಇದು ತುಂಬ ಇಷ್ಟ.

1952, ತೂತಾದ ಶೂ

ಅಡ್ಲೈ ಸ್ಟೀವನ್ಸನ್ ಅವರದ್ದು. ಆ ವರ್ಷ ಎಲ್ಲೆಲ್ಲೂ ಗೆದ್ದ ಐಸೆನ್‌ಹೋವರ್ ಅವರ "ಐ ಲೈಕ್ ಐಕ್" ಬಟನ್ (ಐಕ್ ಅಂದರೆ ಅವರ ಅಡ್ಡಹೆಸರು), ಇವತ್ತಿಗೂ ಅವು ರಾಶಿ ರಾಶಿ ಸಿಗುತ್ತವೆ. ಮಿಷಿಗನ್‌ನ ಫ್ಲಿಂಟ್ ಊರಲ್ಲಿ ಸ್ಟೀವನ್ಸನ್ ವೇದಿಕೆ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾಗ ಅವರ ಶೂ ಅಟ್ಟೆಯಲ್ಲಿ ತೂತು ಕಂಡಿತು. ವಿಲಿಯಂ ಗ್ಯಾಲಗರ್ ಅನ್ನೋ ಪತ್ರಿಕಾ ಛಾಯಾಗ್ರಾಹಕರು ಅದನ್ನು ಸೆರೆಹಿಡಿದರು, ಆ ಫೋಟೋಗೆ 1953ರಲ್ಲಿ ಪುಲಿಟ್ಜರ್ ಬಂತು. ಊರೂರು ಸುತ್ತಿ ಶೂ ಸವೆಸಿಕೊಂಡವರು ಅಂತ ಬೆಂಬಲಿಗರು ಅದನ್ನೇ ಹೆಮ್ಮೆಯ ಗುರುತು ಮಾಡಿಕೊಂಡರು. ಬೆಳ್ಳಿ ಬಣ್ಣದ ಪುಟ್ಟ ಶೂ ಅಟ್ಟೆ, ನಡುವೆ ತೂತು. ದುಂಡಗಿಲ್ಲ, ಲೆಕ್ಕಕ್ಕೆ ಇದು ಬಟನ್ನೇ ಅಲ್ಲ, ಆದರೂ 1952ರ ಜಾಗ ಇದಕ್ಕೇ ಕೊಟ್ಟೆ.

ಹಾಳಾಗಿದ್ದು

1940ರ ವೆಂಡೆಲ್ ವಿಲ್ಕಿ ಬಟನ್‌ಗಳು ನನ್ನ ಹತ್ತಿರ ಹನ್ನೊಂದು ಇದ್ದವು. ಬೇಕಾಗಿದ್ದು ಒಂದೇ, ಆದರೆ ಬಿಡೋಕೆ ಮನಸ್ಸಾಗಲಿಲ್ಲ. ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೂರನೇ ಸಲ ನಿಂತಿದ್ದಕ್ಕೆ ಸಿಟ್ಟಾಗಿ ಜನ ನೂರಾರು ಬಗೆಯ ಬಟನ್ ಮಾಡಿಸಿದ್ದರು. "ಮೂರನೇ ಅವಧಿ ಬೇಡ" ಅಂತ ಒಂದು, "ನಮಗೆ ಎಲಿನೋರ್ ಕೂಡ ಬೇಡ" ಅಂತ ಅವರ ಹೆಂಡತಿಯನ್ನೂ ಎಳೆದು ತಂದಿದ್ದು ಇನ್ನೊಂದು. ವಿಲ್ಕಿ ಸೋತರು, ಆದರೆ 1951ರಲ್ಲಿ ಸಂವಿಧಾನದ 22ನೇ ತಿದ್ದುಪಡಿ ಬಂದು, ಎರಡು ಸಲಕ್ಕಿಂತ ಹೆಚ್ಚು ಯಾರನ್ನೂ ಆರಿಸುವ ಹಾಗಿಲ್ಲ ಅಂತಾಯಿತು. ಬಟನ್ ಹೇಳಿದ ಮಾತು 11 ವರ್ಷಕ್ಕೆ ಕಾನೂನಾಯಿತು.

ಇವನ್ನು ಬೇಸ್‌ಮೆಂಟಿನಲ್ಲಿ ಇಟ್ಟಿದ್ದೆ. ಮಳೆಗಾಲದ ತೇವಕ್ಕೆ ನಾಲ್ಕಕ್ಕೆ ಕಂದು ಚುಕ್ಕೆ ಬಂದವು. ತಗಡು ಒಳಗೆ ತುಕ್ಕು ಹಿಡಿದು ಕಾಗದಕ್ಕೆ ಇಳಿಯುತ್ತದೆ, ಮೇಲಿನಿಂದ ಒರೆಸಿದರೆ ಹೋಗುವುದಿಲ್ಲ. ಒದ್ದೆ ಬಟ್ಟೆಯಲ್ಲಂತೂ ಒರೆಸಲೇಬೇಡಿ, ಅಂಚಿನಿಂದ ನೀರು ಒಳಗೆ ಹೋದರೆ ಮುಗಿಯಿತು. ತುಂಬ ಬೇಜಾರಾಯಿತು, ಎಂಬತ್ತು ವರ್ಷ ಯಾರ್ಯಾರೋ ಕಾಪಾಡಿದ್ದನ್ನು ನಾನು ಒಂದು ಮಳೆಗಾಲದಲ್ಲಿ ಕೆಡಿಸಿದೆ. ಈಗ ಎಲ್ಲವೂ ಮಹಡಿಯಲ್ಲಿ, ಬಿಸಿಲು ಬೀಳದ ಬೀರುವಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇವೆ.

ಖಾಲಿ ಇರುವ ನಾಲ್ಕು

1904, 1912, 1920, 1924. 1904ರ ಪಾರ್ಕರ್ ಬಟನ್ ಕಷ್ಟವೇನಲ್ಲ, ಚೆನ್ನಾಗಿರೋದು ಸಿಗಲಿ ಅಂತ ಕಾಯುತ್ತಿದ್ದೇನೆ. 1912ರಲ್ಲಿ ಅಧಿಕಾರದಲ್ಲಿದ್ದ ಟಾಫ್ಟ್, ಅವರಿಂದ ಒಡೆದು ಹೋದ ಥಿಯೋಡರ್ ರೂಸ್‌ವೆಲ್ಟ್, ಇಬ್ಬರೂ ಸೋತರು. ಟಾಫ್ಟ್‌ಗೆ ಸಿಕ್ಕಿದ್ದು 8 ಎಲೆಕ್ಟೋರಲ್ ಓಟು, ಲ್ಯಾಂಡನ್‌ಗೆ ಸಿಕ್ಕಷ್ಟೇ. ಹಾಗಾಗಿ ಟಾಫ್ಟ್ ಅಂತ ಈಗ ತೀರ್ಮಾನ ಮಾಡಿದ್ದೇನೆ.

ತಲೆನೋವು 1920. ಜೇಮ್ಸ್ ಕಾಕ್ಸ್ ಅಧ್ಯಕ್ಷ ಸ್ಥಾನಕ್ಕೆ, ಆಗ ಚಿಕ್ಕವರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಉಪಾಧ್ಯಕ್ಷ ಸ್ಥಾನಕ್ಕೆ. ಇಬ್ಬರ ಮುಖವೂ ಅಕ್ಕಪಕ್ಕ ಇರುವ ಬಟನ್ ಉಳಿದಿರುವುದೇ ಬೆರಳೆಣಿಕೆಯಷ್ಟು, ಹರಾಜಿಗೆ ಬಂದರೆ ಹತ್ತಾರು ಸಾವಿರ ಡಾಲರ್. ಕೂಡಿಸುವವರಿಗೆಲ್ಲ ಇದೇ ದೊಡ್ಡ ಕನಸು. ಹೊಸದರಲ್ಲಿ ನನಗೆ ಒಬ್ಬರು ಇದನ್ನು ನಲವತ್ತು ಡಾಲರಿಗೆ ಕೊಟ್ಟರು, ತಾತನ ಪೆಟ್ಟಿಗೆಯಲ್ಲಿತ್ತು ಅಂದರು. ಮನೆಗೆ ಬಂದು ನೋಡಿದರೆ ಅಂಚಿನ ಮಡಿಕೆಯಲ್ಲಿ ಸಣ್ಣದಾಗಿ 1972 ಅಂತ ಇದೆ. ಆ ವರ್ಷ ಒಂದು ಪೆಟ್ರೋಲ್ ಕಂಪನಿ ಹಳೇ ಬಟನ್‌ಗಳ ನಕಲನ್ನು ಸೆಟ್ ಮಾಡಿ ಹಂಚಿತ್ತು. ಅವು ತಗಡಿನ ಮೇಲೆ ನೇರವಾಗಿ ಅಚ್ಚಾದವು, ಮೇಲೆ ಸೆಲ್ಯುಲಾಯ್ಡ್ ಇಲ್ಲ. ಉಗುರಲ್ಲಿ ಮೆಲ್ಲಗೆ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಇಂಥ ನಕಲು ಜಾಸ್ತಿಯಾಗಿ 1973ರಲ್ಲಿ ಕಾನೂನೇ ಬಂತು, ನಕಲು ಮಾಡಿದರೆ ತಯಾರಾದ ಇಸವಿ ಅದರ ಮೇಲೆ ಇರಲೇಬೇಕು ಅಂತ.

ಅದೇ ಚುನಾವಣೆಗೆ ಯೂಜೀನ್ ಡೆಬ್ಸ್ ಕೂಡ ನಿಂತಿದ್ದರು, ಅಟ್ಲಾಂಟಾದ ಜೈಲಿನೊಳಗಿಂದ. ಯುದ್ಧದ ವಿರುದ್ಧ ಮಾತಾಡಿದ್ದಕ್ಕೆ ಶಿಕ್ಷೆಯಾಗಿತ್ತು. ಅವರ ಬಟನ್ ಮೇಲೆ ಫೋಟೋ, ಜೊತೆಗೆ "ಅಧ್ಯಕ್ಷ ಸ್ಥಾನಕ್ಕೆ ಕೈದಿ ನಂಬರ್ 9653" ಅನ್ನೋ ಮಾತು. ಒಂಬತ್ತು ಲಕ್ಷಕ್ಕಿಂತ ಹೆಚ್ಚು ಜನ ಅವರಿಗೆ ಓಟು ಹಾಕಿದರು. ಅದೂ ಅಗ್ಗವಲ್ಲ, ಆದರೆ ಒಂದೆರಡು ವರ್ಷ ದುಡ್ಡು ಕೂಡಿಟ್ಟರೆ ಕೈಗೆಟುಕುತ್ತದೆ. 1920ರ ಜಾಗವನ್ನು ಈಗ ಅವರಿಗೇ ಮೀಸಲಿಟ್ಟಿದ್ದೇನೆ. ಕಾಕ್ಸ್ ನಕಲನ್ನು ಪೆಟ್ಟಿಗೆಯಿಂದ ತೆಗೆದು, ಇಸವಿ ಕಾಣುವ ಹಾಗೆ ತಿರುಗಿಸಿ, ಹೊಸದಾಗಿ ಶುರು ಮಾಡುವವರಿಗೆ ತೋರಿಸೋಕೆ ಬೇರೆ ಇಟ್ಟಿದ್ದೇನೆ.

ಈ ಭಾನುವಾರ ಬೆಳಿಗ್ಗೆ ಆರಕ್ಕೇ ಲ್ಯಾಂಬರ್ಟ್‌ವಿಲ್‌ಗೆ ಹೋಗಬೇಕು. ಬ್ರಯಾನ್ ಕೊಟ್ಟ ಅಜ್ಜ ಪಾರ್ಕರ್ ಒಂದನ್ನು ತೆಗೆದಿಡುತ್ತೇನೆ ಅಂದಿದ್ದಾರೆ.